ಸಿಂಹಾಸನ ಒಂದೂರಲ್ಲಿ, ಕಚೇರಿ ಇನ್ನೊಂದೂರಲ್ಲಿ

ಸಾರಕ್ಕಿಯ ಹಳಬರಲ್ಲಿ ಕೆಲವರು ಈಗಲೂ ಮೆಜೆಸ್ಟಿಕ್ಕಿನ ಕಡೆ ಹೊರಟರೆ 'ಬೆಂಗಳೂರಿಗೆ ಹೋಗಿಬರ್ತೀನಿ' ಎನ್ನುತ್ತಾರೆ. ಕೇಳಿದ ಹೊಸಬರಿಗೆ ನಗು. ಆದರೆ ಆ ಮಾತಿನಲ್ಲಿ ತಪ್ಪಿಲ್ಲ. ಕೆರೆ, ಹೊಲ, ಗುಡಿ ಎಂದು ತನ್ನ ಪಾಡಿಗೆ ತಾನಿದ್ದ ಹಳ್ಳಿ ಇದು. ಸಾರಕ್ಕಿ ರಾಜಧಾನಿಗೆ ಹೋಗಲಿಲ್ಲ. ರಾಜಧಾನಿಯೇ ಹೊಲ ದಾಟಿಕೊಂಡು ಸಾರಕ್ಕಿಗೆ ಬಂತು. ಹಾಗೆ ನೋಡಿದರೆ ನಮ್ಮ ನಾಡಿನಲ್ಲಿ ರಾಜಧಾನಿ ಎಂಬುದು ಒಂದು ಕಡೆ ಕೂತದ್ದೇ ಕಡಿಮೆ.

ಬನವಾಸಿ, ಬಾದಾಮಿ, ಮಾನ್ಯಖೇಟ, ಕಲ್ಯಾಣ, ದ್ವಾರಸಮುದ್ರ, ವಿಜಯನಗರ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವಲ್ಲ, ಅಲ್ಲೆಲ್ಲ ಅರಸು ಇದ್ದಲ್ಲಿ ರಾಜಧಾನಿ. ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ಪಡೆದರು. ಸಿಂಹಾಸನ ಅಲ್ಲಿಗೆ ಹೋಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಅದು ಮತ್ತೆ ಮೈಸೂರಿಗೆ ಬಂತು.

ಬೆಂಗಳೂರಿಗೆ ರಾಜ್ಯಭಾರ ಬಂದದ್ದು ಮಾತ್ರ ಅರಸನ ಹಿಂದೆ ಅಲ್ಲ, ರೈತರ ಸಿಟ್ಟಿನ ಹಿಂದೆ. 1830-31ರಲ್ಲಿ ನಗರ ಸೀಮೆಯ ರೈತರು ಕಂದಾಯದ ಹೊರೆ, ಅಧಿಕಾರಿಗಳ ಕಾಟ ತಾಳಲಾರದೆ ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು ಬ್ರಿಟಿಷರು 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಕಿತ್ತುಕೊಂಡರು. ಮಹಾರಾಜರು ಮೈಸೂರಿನ ಅರಮನೆಯಲ್ಲಿ ಉಳಿದರು. ಕಾಗದಪತ್ರ ಬೆಂಗಳೂರು ಸೇರಿತು.

ಆ ಕಾಗದಪತ್ರ ಮೊದಲು ಕೂತದ್ದು ಕೋಟೆಯಲ್ಲಿದ್ದ ಟಿಪ್ಪುವಿನ ಅರಮನೆಯಲ್ಲಿ. 1868ರಲ್ಲಿ ಹದಿನೆಂಟು ಇಲಾಖೆಗಳಿಗೆಂದು ಕಟ್ಟಿದ ಕೆಂಪು ಕಟ್ಟಡಕ್ಕೆ ಹೋಯಿತು. ಉರ್ದುವಿನಲ್ಲಿ ಹದಿನೆಂಟಕ್ಕೆ ಅಠಾರಾ. ಜನರ ಬಾಯಲ್ಲಿ ಅದು ಅಠಾರ ಕಚೇರಿ. ಈಗ ಅಲ್ಲಿ ಹೈಕೋರ್ಟು ಇದೆ. 1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು, ಆದರೆ ಕಡತಗಳು ಮೈಸೂರಿಗೆ ಮರಳಲಿಲ್ಲ. ಅದೇ ವರ್ಷ ದಿವಾನ್ ರಂಗಾಚಾರ್ಲು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಸೇರಿಸಿದರು. ಪ್ರತಿನಿಧಿಗಳು ಅಹವಾಲು ಹೇಳಿಕೊಳ್ಳಬಹುದಿತ್ತು, ಕಾನೂನು ಮಾಡುವಂತಿರಲಿಲ್ಲ. ದಸರಾ ಅಲ್ಲಿ, ದಫ್ತರ ಇಲ್ಲಿ. ರೈತನಿಗೆ ಯಾವುದು ರಾಜಧಾನಿ? ತನ್ನ ಅರ್ಜಿ ಎಲ್ಲಿದೆಯೋ ಅದು.

ಈ ಎರಡನ್ನೂ ಒಂದೇ ಸೂರಿನಡಿ ತಂದದ್ದು ವಿಧಾನಸೌಧ. 1951ರ ಜುಲೈ 13ರಂದು, ಕೆ.ಸಿ. ರೆಡ್ಡಿಯವರು ಮುಖ್ಯಮಂತ್ರಿಯಾಗಿದ್ದಾಗ, ನೆಹರೂ ಅಡಿಗಲ್ಲು ಇಟ್ಟರು. ಮರುವರ್ಷ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರಿಗೆ ಆ ಸಾದಾ ನಕ್ಷೆ ಒಪ್ಪಿಗೆಯಾಗಲಿಲ್ಲ. ನಮ್ಮ ಗುಡಿಗಳ ಕಂಬ, ಬೋದಿಗೆ, ಗೋಪುರಗಳು ಪ್ರಜೆಗಳ ಮನೆಗೂ ಬೇಕು ಎಂದರು. ಎಂಜಿನಿಯರ್ ಬಿ.ಆರ್. ಮಾಣಿಕ್ಯಂ ಅದನ್ನು ಕಲ್ಲಿನಲ್ಲಿ ತಂದರು. ಸಾವಿರಾರು ಕೂಲಿಗಳ ಜೊತೆ ಜೈಲಿನ ಕೈದಿಗಳೂ ದುಡಿದರು. ಖರ್ಚು ಬೆಳೆಯಿತು, ಟೀಕೆಯೂ ಬೆಳೆಯಿತು. 1956ರಲ್ಲಿ ಸೌಧ ಮುಗಿಯುವ ಹೊತ್ತಿಗೆ ಕಟ್ಟಿಸಿದವರು ಅಧಿಕಾರದಲ್ಲಿರಲಿಲ್ಲ. 'ಸರ್ಕಾರದ ಕೆಲಸ ದೇವರ ಕೆಲಸ' ಎಂಬ ಬರಹ ಉಳಿಯಿತು. ದೇವರ ಕೆಲಸವಾದ್ದರಿಂದಲೇ ಇಷ್ಟು ಕಾಯಬೇಕೇನೋ ಎಂದು ಸರದಿಯಲ್ಲಿ ನಿಂತವರು ನಗುವುದುಂಟು.

ಆ ವರ್ಷದ ನವೆಂಬರ್ 1ರಂದು ಐದು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡನಾಡು ಒಂದಾಯಿತು. ಹಳೆಯ ಮೈಸೂರಿನ ಅಳತೆಗೆ ಶುರುವಾದ ಕಟ್ಟಡಕ್ಕೆ ಬೀದರಿನ ರೈತನೂ ಸುಮಾರು 700 ಕಿಲೋಮೀಟರ್ ದೂರದಿಂದ ಬರಬೇಕಾಯಿತು. ಉತ್ತರದವರು 'ಬೆಂಗಳೂರು ನಮಗೆ ದೂರ' ಎಂದಾಗ ಅವರು ಬರೀ ರಸ್ತೆಯ ದೂರ ಹೇಳುತ್ತಿರಲಿಲ್ಲ. ಮಹಾರಾಷ್ಟ್ರದ ಜೊತೆ ಗಡಿ ತಗಾದೆಯೂ ಇತ್ತು. 2006ರಲ್ಲಿ ವಿಧಾನಮಂಡಲ ಮೊದಲ ಬಾರಿ ಬೆಳಗಾವಿಯಲ್ಲಿ ಸೇರಿತು. 2012ರ ಅಕ್ಟೋಬರ್ 11ರಂದು ಅಲ್ಲಿನ ಸುವರ್ಣ ವಿಧಾನಸೌಧವನ್ನು ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಆದರೆ ಅಧಿವೇಶನ ಮುಗಿಯುತ್ತಲೇ ಮಂತ್ರಿಗಳು ಬೆಂಗಳೂರಿಗೆ ಹಿಂದಿರುಗುತ್ತಾರೆ, ಬೆಳಗಾವಿಯ ಸೌಧ ಮುಂದಿನ ಅಧಿವೇಶನಕ್ಕೆ ಕಾಯುತ್ತದೆ. 1881ರ ಮೈಸೂರು ನೆನಪಾಗುತ್ತದೆ: ಸಭೆ ಅಲ್ಲಿ, ಕಡತ ಇಲ್ಲಿ.

ಹಾಗಾದರೆ ಹತ್ತಿರ ಇದ್ದವರಿಗೆ ಎಲ್ಲ ಸಲೀಸೇ? ಸಾರಕ್ಕಿಯಿಂದ ವಿಧಾನಸೌಧಕ್ಕೆ ಈಗ ಮೆಟ್ರೋ ಇದೆ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿದರಾಯಿತು. ಆದರೂ ನಮ್ಮ ಕೆರೆಯಂಗಳ ವರ್ಷವರ್ಷವೂ ಒತ್ತುವರಿಯಾಗುತ್ತ ಹೋಯಿತು. ಅದನ್ನು ತೆರವು ಮಾಡಲು ಜೆಸಿಬಿ ಬಂದದ್ದು 2015ರ ಏಪ್ರಿಲ್‌ನಲ್ಲಿ. ಅಷ್ಟರಲ್ಲಿ ಅಲ್ಲಿ ಮನೆ ಕೊಂಡವರು ಸಂಸಾರ ಹೂಡಿದ್ದರು. ಕೆರೆ ಕಳೆದುಕೊಂಡದ್ದು ಊರು, ಬೀದಿಗೆ ಬಿದ್ದದ್ದು ಅವರು. ಸರ್ವೆ ನಕ್ಷೆಯಲ್ಲಿ ಕೆರೆ ಎಂದೇ ಬರೆದಿದ್ದ ಜಾಗ ಅದು. ಆ ನಕ್ಷೆ ಯಾವುದೋ ಬೀರುವಿನಲ್ಲಿ ಭದ್ರವಾಗಿತ್ತು, ಓದುವವರಿರಲಿಲ್ಲ.

ಬೀದರಿಗೆ ರಾಜಧಾನಿ ದೂರವಾದದ್ದು ದಾರಿಯಿಂದ. ಸಾರಕ್ಕಿಗೆ ದೂರವಾದದ್ದು ಆ ಬೀರುವಿನ ಬಾಗಿಲಿನಿಂದ. ನಗರ ಸೀಮೆಯ ರೈತರು ಎದ್ದದ್ದೂ ತಮ್ಮ ಅಹವಾಲು ಕೇಳುವವರಿಲ್ಲ ಎಂದೇ. ಅವರ ಕೂಗು ಒಂದು ರಾಜಧಾನಿಯನ್ನೇ ಕದಲಿಸಿತು. ನಮ್ಮ ಅರ್ಜಿಗಳಿಗೆ ಅಷ್ಟೆಲ್ಲ ಬೇಡ, ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಕದಲಿದರೆ ಸಾಕು.