ಒಂದೂವರೆ ವೋಲ್ಟಿನ ಮನೆಗೆ ಬಂದ ನಿಕ್ಕಲ್

ಹೈದರಾಬಾದಿನ ನಾಂಪಲ್ಲಿಯಲ್ಲಿ ಜನವರಿ ಬಂತೆಂದರೆ ನುಮಾಯಿಷ್. 1938ರಲ್ಲಿ ಪಬ್ಲಿಕ್ ಗಾರ್ಡನ್ಸ್‌ನಲ್ಲಿ ಶುರುವಾಗಿ 1946ರಲ್ಲಿ ಈಗಿನ ಮೈದಾನಕ್ಕೆ ಬಂದ ವಸ್ತುಪ್ರದರ್ಶನವಿದು. ಇಂಥ ಕಡೆ ಕೊಂಡು ತರುವ ಟಾರ್ಚು, ಗೋಡೆ ಗಡಿಯಾರ, ಆಟದ ಕಾರುಗಳನ್ನು ಸಾಮಾನ್ಯವಾಗಿ ಒಂದೂವರೆ ವೋಲ್ಟಿನ ಸೆಲ್ಲಿಗೆಂದೇ ಮಾಡಿರುತ್ತಾರೆ. ರೀಚಾರ್ಜ್ ಸೆಲ್ಲಿನ ಮೇಲೆ ಮಾತ್ರ 1.2 ಎಂದಿರುತ್ತದೆ. ಗಾತ್ರ ಒಂದೇ ಆದರೂ ಅಂಕಿ ಯಾಕೆ ಬೇರೆ?

ಸೆಲ್ಲಿನ ವೋಲ್ಟೇಜನ್ನು ತೀರ್ಮಾನಿಸುವುದು ಒಳಗಿರುವ ವಸ್ತುಗಳ ಜೋಡಿ. ಗಾತ್ರ ಹೆಚ್ಚಿದರೆ ಬಾಳಿಕೆ ಹೆಚ್ಚುತ್ತದೆ, ವೋಲ್ಟೇಜಲ್ಲ. 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ಸತುವಿಗೆ ಮ್ಯಾಂಗನೀಸ್ ಡೈಆಕ್ಸೈಡನ್ನು ಜೋಡಿ ಮಾಡಿದ. 1886ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಅದನ್ನು ಚೆಲ್ಲದ ಒಣ ಸೆಲ್ಲಾಗಿಸಿದ. 1950ರ ದಶಕದಲ್ಲಿ ಲೂಯಿಸ್ ಅರ್ರಿ ರೂಪಿಸಿದ ಆಲ್ಕಲೈನ್ ಸೆಲ್ಲಿನಲ್ಲೂ ಇದ್ದದ್ದು ಅದೇ ಜೋಡಿ. ಹಾಗಾಗಿ ಒಂದೂವರೆ ವೋಲ್ಟ್ ಉಳಿದುಕೊಂಡಿತು, ಉಪಕರಣಗಳೂ ಅದಕ್ಕೇ ಒಗ್ಗಿದವು.

ರೀಚಾರ್ಜ್ ಸೆಲ್ಲಿನ ವಂಶ ಬೇರೆ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ನಿಕ್ಕಲ್-ಕ್ಯಾಡ್ಮಿಯಂ ಜೋಡಿಯನ್ನು ಕಂಡುಕೊಂಡ. ಅದು ಕೊಡುವುದು ಸುಮಾರು 1.2 ವೋಲ್ಟ್. ಹೈದರಾಬಾದಿನಲ್ಲೇ 1977ರಲ್ಲಿ ಆರಂಭವಾದ ಎಚ್‌ಬಿಎಲ್ ಕಂಪನಿ ಈ ಬಗೆಯ ದೊಡ್ಡ ಬ್ಯಾಟರಿಗಳನ್ನು ತಯಾರಿಸಿತು. ಕ್ಯಾಡ್ಮಿಯಂ ವಿಷ. 1989ರ ಹೊತ್ತಿಗೆ ಅದರ ಬದಲು ಹೈಡ್ರೋಜನ್ ಹೀರುವ ಮಿಶ್ರಲೋಹ ಬಳಸಿದ ಸೆಲ್ಲುಗಳು ಮಾರುಕಟ್ಟೆಗೆ ಬಂದವು. ಹೊಸ ಲೋಹದ ಗುಣ ಹಳೆಯದಕ್ಕೆ ಹತ್ತಿರವೇ ಇದ್ದುದರಿಂದ 1.2 ಬದಲಾಗಲಿಲ್ಲ.

ಪೂರ್ತಿ ತುಂಬಿದಾಗಿನ ಲೆಕ್ಕ ಇನ್ನೊಂದು. ಹೊಸ ಆಲ್ಕಲೈನ್ ಸೆಲ್ಲಿಗೆ ಮೀಟರ್ ಹಿಡಿದರೆ ಸುಮಾರು 1.6 ಕಾಣುತ್ತದೆ, ಬಳಸಿದಂತೆಲ್ಲ ಅದು ಇಳಿಜಾರಿನಲ್ಲಿ ಇಳಿಯುತ್ತ ಹೋಗುತ್ತದೆ. ಚಾರ್ಜರಿನಿಂದ ಆಗತಾನೆ ತೆಗೆದ ನಿಕ್ಕಲ್ ಸೆಲ್ 1.4ರ ಆಸುಪಾಸು ತೋರಿಸುತ್ತದೆ, ಬೇಗ 1.2ರ ಸಮೀಪ ಬಂದು ಬಹುಕಾಲ ಅಲ್ಲೇ ನಿಲ್ಲುತ್ತದೆ. ಅಂದರೆ ಮೀಟರಿನ 1.3 ಆಲ್ಕಲೈನಿಗೆ ಸಾಕಷ್ಟು ಸವೆದ ಗುರುತು, ನಿಕ್ಕಲಿಗೆ ಇನ್ನೂ ಹೆಚ್ಚುಕಡಿಮೆ ತುಂಬಿರುವ ಗುರುತು.

ಇದು ತಿಳಿಯದೆ ಎಷ್ಟೋ ಒಳ್ಳೆಯ ಸೆಲ್ಲುಗಳು ಕಸದ ಬುಟ್ಟಿ ಸೇರುತ್ತವೆ. ಆಲ್ಕಲೈನಿಗೆ ಹೊಂದಿಸಿದ ಸೂಚಕಗಳು ನಿಕ್ಕಲ್ ಸೆಲ್ಲನ್ನು 'ಖಾಲಿ' ಎಂದು ಬೇಗ ಸಾರಿಬಿಡುತ್ತವೆ. ತಿರುಗಾಮುರುಗಾ ಆದರೆ ಅಪಾಯ: ಸಾಮಾನ್ಯ ಆಲ್ಕಲೈನ್ ಸೆಲ್ಲನ್ನು ಚಾರ್ಜರಿಗೆ ಹಾಕಿದರೆ ಸೋರಬಹುದು, ಸಿಡಿಯಲೂಬಹುದು. ಪೆನ್ಸಿಲ್ ಸೆಲ್ಲಿನದೇ ಗಾತ್ರದ ಲಿಥಿಯಂ-ಅಯಾನ್ ಸೆಲ್ಲೂ ಸಿಗುತ್ತದೆ. ತುಂಬಿದಾಗ ಅದು 4.2 ವೋಲ್ಟ್. ಅದನ್ನು ಮಗುವಿನ ಆಟದ ಕಾರಿಗೆ ತುರುಕಿದರೆ ಕಾರು ಸುಟ್ಟೀತು. ಸೆಲ್ಲು ಕೊಳ್ಳುವಾಗ ಗಾತ್ರದ ಜತೆಗೆ ಅದರ ಮೈಮೇಲಿನ ಸಣ್ಣ ಅಕ್ಷರಗಳನ್ನೂ ಓದಿ.