ಬಿಸಿಲಿಗೆ ಸಾಯುವವನು

ರಕ್ತಪಿಶಾಚಿ ಬಿಸಿಲಿಗೆ ಬಂದ್ರೆ ಸುಟ್ಟು ಬೂದಿ. ಇದು ಯಾರಿಗೆ ಗೊತ್ತಿಲ್ಲ ಹೇಳಿ? ಯುರೋಪಿನ ಯಾವುದೋ ಹಳ್ಳಿಯ ಅಜ್ಜಿಕತೆಯಿಂದ ಬಂದಿರಬೇಕು ಅಂತ ನಾನೂ ನಂಬಿಕೊಂಡಿದ್ದೆ. ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ (1897) ಓದೋಕೆ ಕೂತಾಗ ಗೊಂದಲ ಶುರುವಾಯ್ತು. ಅಲ್ಲಿ ಕೌಂಟ್ ಮಹಾಶಯ ಹಾಡಹಗಲೇ ಲಂಡನ್ನಿನ ಪಿಕಡಿಲಿಯಲ್ಲಿ ನಿಂತು ಸಾರೋಟಿನಲ್ಲಿ ಕೂತ ಹುಡುಗಿಯನ್ನು ದಿಟ್ಟಿಸುತ್ತಿದ್ದಾನೆ! ಹಗಲಿನಲ್ಲಿ ಅವನ ಶಕ್ತಿ ಕುಗ್ಗುತ್ತೆ, ಅಷ್ಟೇ. ಕೊನೆಗೆ ಅವನನ್ನು ಮುಗಿಸೋದು ಎರಡು ಚಾಕುಗಳು. ಅದರಲ್ಲೊಂದು ಗೂರ್ಖಾಗಳ ಕುಕ್ರಿ.

ಹಾಗಾದ್ರೆ ಬಿಸಿಲು ಎಲ್ಲಿಂದ ಬಂತು? ಕದ್ದ ಸಿನಿಮಾವೊಂದರಿಂದ.

1922ರ ಮಾರ್ಚ್‌ನಲ್ಲಿ ಬರ್ಲಿನ್‌ನಲ್ಲಿ ‘ನೊಸ್ಫೆರಾತು’ ತೆರೆಕಂಡಿತು. ನಿರ್ದೇಶಕ ಎಫ್.ಡಬ್ಲ್ಯೂ. ಮುರ್ನೌ. ಕಂಪನಿಯ ಹೆಸರು ಪ್ರಾಣ ಫಿಲ್ಮ್. ಹೌದು, ನಮ್ಮ ಸಂಸ್ಕೃತದ ಪ್ರಾಣವೇ. ಅದರ ಸ್ಥಾಪಕರಲ್ಲೊಬ್ಬನಾದ ಆಲ್ಬಿನ್ ಗ್ರೌಗೆ ಗೂಢವಿದ್ಯೆಯ ಹುಚ್ಚು. ಕಾದಂಬರಿಯ ಹಕ್ಕು ಕೊಳ್ಳದೆ, ಡ್ರಾಕುಲಾನನ್ನು ಆರ್ಲಾಕ್ ಮಾಡಿ, ಲಂಡನ್ನಿನ ಬದಲು ಜರ್ಮನಿಯ ಊರು ಇಟ್ಟು ಕೈತೊಳೆದುಕೊಂಡರು. ತಮಾಷೆ ಅಂದ್ರೆ, ಕತೆ ಸ್ಟೋಕರ್‌ನ ಕಾದಂಬರಿಯದ್ದು ಅಂತ ಶೀರ್ಷಿಕೆಯಲ್ಲಿ ತಾವೇ ಹಾಕಿಕೊಂಡಿದ್ದರು! ಕಳ್ಳತನವೋ ಹೆಡ್ಡತನವೋ, ನೀವೇ ನಿರ್ಧರಿಸಿ.

ಕ್ಲೈಮ್ಯಾಕ್ಸ್ ಮಾತ್ರ ಅವರದ್ದೇ. ಎಲೆನ್ ಎಂಬ ಹೆಂಗಸು ತನ್ನ ರಕ್ತವನ್ನೇ ಒಡ್ಡಿ ಅವನನ್ನು ಬೆಳಗಿನ ತನಕ ಹಿಡಿದಿಡುತ್ತಾಳೆ. ಕೋಳಿ ಕೂಗುತ್ತೆ, ಕಿಟಕಿಯಿಂದ ಬೆಳಕು ಬೀಳುತ್ತೆ, ಆರ್ಲಾಕ್ ಹೊಗೆಯಾಗಿ ಕರಗುತ್ತಾನೆ. ಕೋಳಿ ಕೂಗಿದರೆ ದೆವ್ವ ಓಡುತ್ತೆ ಅನ್ನೋದು ನಮ್ಮ ಕಡೆಯೂ ಇದೆ. ಆದರೆ ಓಡೋದು ಬೇರೆ, ಸಾಯೋದು ಬೇರೆ.

ಸ್ಟೋಕರ್ 1912ರಲ್ಲೇ ತೀರಿಕೊಂಡಿದ್ದ. ಅವನ ಹೆಂಡತಿ ಫ್ಲಾರೆನ್ಸ್‌ಗೆ ಆ ಪುಸ್ತಕದ ಹಕ್ಕು ಜೀವನಾಧಾರವಾಗಿತ್ತು. ಲೇಖಕರ ಸಂಘದ ನೆರವಿನಿಂದ ಆಕೆ ಕೇಸು ಹಾಕಿದಳು. ಪ್ರಾಣ ಫಿಲ್ಮ್ ಅಷ್ಟರಲ್ಲಿ ದಿವಾಳಿ. ದುಡ್ಡು ಹುಟ್ಟಲ್ಲ ಅಂತಾದಾಗ ಆಕೆ ಕೇಳಿದ್ದು ಒಂದೇ: ಸಿನಿಮಾವನ್ನು ನಾಶಮಾಡಿ. 1925ರಲ್ಲಿ ಜರ್ಮನ್ ಕೋರ್ಟು ಹಾಗೇ ಆದೇಶ ಕೊಟ್ಟಿತು. ಇವತ್ತು ನಾವೆಲ್ಲ ಮುರ್ನೌ ಅಭಿಮಾನಿಗಳು, ಹಾಗಾಗಿ ಆಕೆಯನ್ನು ಖಳನಾಯಕಿ ಮಾಡೋದು ಸುಲಭ. ನನಗೆ ಮಾತ್ರ ಆಕೆಯ ಸಿಟ್ಟು ನ್ಯಾಯವಾದದ್ದೇ ಅನಿಸುತ್ತೆ. ಹೆಸರು ಬದಲಾಯಿಸಿ ನಿಮ್ಮ ಕೋಡನ್ನೋ ಡಿಸೈನನ್ನೋ ಯಾರಾದರೂ ಮಾರಿಕೊಂಡ್ರೆ ಸುಮ್ಮನಿರ್ತೀರಾ?

ಪ್ರಿಂಟುಗಳು ಆಗಲೇ ಬೇರೆ ದೇಶಗಳಿಗೆ ದಾಟಿದ್ದರಿಂದ ಸಿನಿಮಾ ಉಳೀತು. ಹೀಗೆ ಉಳಿದು ಬಂದ ಎಷ್ಟೋ ಪ್ರಿಂಟುಗಳಲ್ಲಿ ಬಣ್ಣ ಇರಲಿಲ್ಲ. ಆಗಿನ ಕ್ಯಾಮೆರಾಗೆ ಕತ್ತಲಲ್ಲಿ ಹೊರಾಂಗಣ ಚಿತ್ರೀಕರಣ ಕಷ್ಟ, ಹಗಲಲ್ಲೇ ತೆಗೆದು ಫಿಲ್ಮಿಗೆ ನೀಲಿ ಬಣ್ಣ ಹಚ್ಚಿ ರಾತ್ರಿ ಅನ್ನಿಸುತ್ತಿದ್ದರು. ನೀಲಿ ಹೋದ ಪ್ರಿಂಟಿನಲ್ಲಿ ಆರ್ಲಾಕ್ ಶವಪೆಟ್ಟಿಗೆ ಹೊತ್ತು ಸುಡುಬಿಸಿಲಲ್ಲಿ ಊರೆಲ್ಲ ಸುತ್ತುತ್ತಾನೆ, ಆಮೇಲೆ ಅದೇ ಬಿಸಿಲಿಗೆ ಸಾಯುತ್ತಾನೆ. ಮೊದಲ ಸಲ ಅಂಥದ್ದೇ ಪ್ರಿಂಟು ನೋಡಿ ತಲೆ ಕೆರೆದುಕೊಂಡವರಲ್ಲಿ ನಾನೂ ಒಬ್ಬ.

ಫ್ಲಾರೆನ್ಸ್‌ಗೆ ಹಣ ಕೊಟ್ಟು, ಹಕ್ಕು ಪಡೆದೇ ಯೂನಿವರ್ಸಲ್ 1931ರಲ್ಲಿ ಬೇಲಾ ಲುಗೋಸಿಯ ‘ಡ್ರಾಕುಲಾ’ ತೆಗೆಯಿತು. ಅಲ್ಲಿ ಕೌಂಟ್ ಸಾಯೋದು ಎದೆಗೆ ಗೂಟ ಜಡಿಸಿಕೊಂಡು. ಆದರೆ 1958ರಲ್ಲಿ ಇಂಗ್ಲೆಂಡಿನ ಹ್ಯಾಮರ್ ಕಂಪನಿಯ ‘ಡ್ರಾಕುಲಾ’ದಲ್ಲಿ ಪೀಟರ್ ಕುಶಿಂಗ್ ಓಡಿಹೋಗಿ ಪರದೆ ಕಿತ್ತೆಸೆದಾಗ ಕ್ರಿಸ್ಟೋಫರ್ ಲೀ ಬಿಸಿಲಿಗೆ ಪುಡಿಪುಡಿಯಾಗುತ್ತಾನೆ. ಹಕ್ಕು ಪಡೆದು ತೆಗೆದದ್ದರ ಸಾವಲ್ಲ, ಸುಡಲು ಹೇಳಿದ್ದರ ಸಾವೇ ನಿಂತಿತು.

ಜಾಂಬಿಗಳದ್ದು ಇದರ ತಿರುಗುಮುರುಗು. ಜಾರ್ಜ್ ರೊಮೆರೊನ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ (1968) ಚಿತ್ರದ ಹೆಸರನ್ನು ವಿತರಕರು ಕೊನೆಗಳಿಗೆಯಲ್ಲಿ ಬದಲಿಸಿದರು. ಹೊಸ ಶೀರ್ಷಿಕೆ ಫಲಕದಲ್ಲಿ ಕಾಪಿರೈಟ್ ಸೂಚನೆ ಹಾಕೋದು ಮರೆತರು. ಆಗಿನ ಅಮೆರಿಕದ ಕಾನೂನಿನಲ್ಲಿ ಅಷ್ಟು ಸಾಕು, ಸಿನಿಮಾ ಊರ ಆಸ್ತಿ. ಸತ್ತವರು ಗುಂಪಾಗಿ ಬಂದು ನರಮಾಂಸ ತಿನ್ನೋದು, ತಲೆಗೆ ಗುಂಡು ಹೊಡೆದರಷ್ಟೇ ಬೀಳೋದು, ಎಲ್ಲ ಅಲ್ಲಿಂದ ಹೊರಟಿದ್ದು. ಆ ಸಿನಿಮಾದಲ್ಲಿ ಜಾಂಬಿ ಅನ್ನೋ ಪದ ಒಂದು ಸಲವೂ ಬರೋದಿಲ್ಲ.