ಕೆರೆ ಕಾಣುವ ಮನೆ ಮಾರಾಟಕ್ಕಿದೆ

ಕುಣಿಗಲ್ ದಾಟಿ ಹೋಗುವಾಗ ರಸ್ತೆ ಬದಿಯಲ್ಲೊಂದು ಬೋರ್ಡು ಕಣ್ಣಿಗೆ ಬಿತ್ತು. ‘ಲೇಕ್ ವ್ಯೂ ಫಾರ್ಮ್‌ಹೌಸ್ ಮಾರಾಟಕ್ಕಿದೆ.’ ಕೆಳಗೆ ನಂಬರು. ಕುತೂಹಲಕ್ಕೆ ಫೋನ್ ಮಾಡಿದೆ.

“ಬೆಂಗಳೂರಿಂದ ಎರಡು ಗಂಟೆ ದಾರಿ ಸಾರ್. ಶನಿವಾರ ಬಂದು ಭಾನುವಾರ ವಾಪಸ್ ಹೋಗಬಹುದು. ಬಾಲ್ಕನೀಲಿ ಕೂತ್ರೆ ನೀರೇ ನೀರು” ಅಂದರು ಬ್ರೋಕರ್.

“ವರ್ಷಪೂರ್ತಿ ನೀರಿರುತ್ತಾ?”

“ಹೇಮಾವತಿ ಬಿಟ್ರೆ ಇರುತ್ತೆ ಸಾರ್.”

ಕರಾವಳಿಯಲ್ಲಿ ಸಮುದ್ರ ಕಾಣುವ ಮನೆ ಕೊಳ್ಳುವವರಿಗೆ ಈ ಪ್ರಶ್ನೆಯೇ ಇಲ್ಲ. ಸಮುದ್ರವನ್ನು ಯಾರೂ ಕಟ್ಟಲಿಲ್ಲ, ಯಾರೂ ಹೂಳೆತ್ತಬೇಕಿಲ್ಲ. ನಮ್ಮದು ಬಯಲುಸೀಮೆ. ಇಲ್ಲಿ ನೀರಿನ ದಂಡೆ ಅಂದರೆ ಮನುಷ್ಯರು ಕಟ್ಟಿದ ಏರಿ. ದೇವರಾಯನದುರ್ಗದ ಬೆಟ್ಟದಲ್ಲಿ ಹುಟ್ಟುವ ಶಿಂಷಾ ನದಿಯನ್ನೇ ನೋಡಿ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊಡ್ಡ ಕೆರೆಯಾಗಿ ನಿಂತು, ಮುಂದೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಜಲಾಶಯವಾಗುತ್ತದೆ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಆ ಅಣೆಕಟ್ಟೆಯಲ್ಲಿ, ನೀರು ಮಟ್ಟ ಮೀರಿದರೆ ತಾನಾಗಿಯೇ ಹೊರಗೆ ಹರಿಯುವ ಸೈಫನ್ ವ್ಯವಸ್ಥೆಯಿದೆ.

ಆದರೆ ಊರ ಕೆರೆಗಳಿಗೆ ತಾನಾಗಿ ನಡೆಯುವ ಯಾವ ವ್ಯವಸ್ಥೆಯೂ ಇರಲಿಲ್ಲ. ಅದಕ್ಕೇ ಹಿಂದಿನವರು ಜಮೀನು ಕೊಡುತ್ತಿದ್ದರು. ಕೆರೆ ಕಟ್ಟಿದವನಿಗೆ, ಒಡೆದ ಏರಿ ಕಟ್ಟಿಸಿದವನಿಗೆ ಕಟ್ಟುಕೊಡಗೆ. ಕೆರೆಯ ಉಸ್ತುವಾರಿಗೆಂದು ಬಿತ್ತುವಟ್ಟ. ಹೂಳು ಹೊರುವ ಬಂಡಿ, ಕೋಣಗಳ ಖರ್ಚಿಗೂ ದತ್ತಿ ಬಿಟ್ಟ ಶಾಸನಗಳು ಕರ್ನಾಟಕದಲ್ಲಿವೆ. ತೂಬು ಎತ್ತಿ ಇಳಿಸಿ ಗದ್ದೆ ಗದ್ದೆಗೂ ನೀರು ಹಂಚುವ ನೀರಗಂಟಿಗೂ ಇನಾಂ ಜಮೀನಿತ್ತು. ಅಂದರೆ ಆ ಜಮೀನು ಕೆರೆ ನೋಡಿಕೊಂಡಿದ್ದಕ್ಕೆ ಸಿಗುತ್ತಿದ್ದ ಕೂಲಿ.

1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಇಂಥ ವಂಶಪಾರಂಪರ್ಯ ಚಾಕರಿಗಳನ್ನು ತೆಗೆದುಹಾಕಿ, ಜಮೀನನ್ನು ಚಾಕರಿ ಮಾಡುತ್ತಿದ್ದವರಿಗೇ ಮರುಮಂಜೂರು ಮಾಡಲು ದಾರಿ ಮಾಡಿತು. ಅಪ್ಪ ಮಾಡಿದ ಕೆಲಸಕ್ಕೇ ಮಗನೂ ಕಟ್ಟುಬೀಳಬೇಕು ಅನ್ನುವುದು ಹೋಗಿದ್ದು ನ್ಯಾಯವೇ. ಆದರೆ ಆ ಕೆಲಸಕ್ಕೆ ಊರಿನಲ್ಲಿ ಬೇರೆ ಆಳು ಬರಲಿಲ್ಲ. ಕೆರೆ ಇಲಾಖೆಗೆ ಹೋಯಿತು, ಜಮೀನು ಖಾತೆಗೆ ಹೋಯಿತು. ಎರಡಕ್ಕೂ ಇದ್ದ ನಂಟು ಕಡಿಯಿತು. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳೂ ಹೋದವು. ಬೇಸಾಯಗಾರನಲ್ಲದವನೂ ಈಗ ಕೃಷಿ ಜಮೀನು ಕೊಳ್ಳಬಹುದು.

ವಾರಕ್ಕೊಮ್ಮೆ ಬರುವವರನ್ನು ನಾನು ಬೈಯುತ್ತಿಲ್ಲ. ತಂಪು ಗಾಳಿ ಯಾರಿಗೆ ಬೇಡ? ಆದರೆ ಕೆರೆ ಕೋಡಿ ಬಿದ್ದ ದಿನ ಊರು ಬಾಗಿನ ತಗೊಂಡು ಹೋಗಿ ಗಂಗಮ್ಮನಿಗೆ ಪೂಜೆ ಮಾಡುತ್ತೆ. 2022ರ ಮಳೆಗೆ ನಮ್ಮ ಕಡೆ ಎಷ್ಟೋ ಕೆರೆಗಳು ಹಾಗೆ ತುಂಬಿದವು. ದಂಡೆಯಲ್ಲಿ ಬಂಗಲೆ ಕಟ್ಟಿದವರಿಗೆ ಅದೇ ನೀರು ತೊಂದರೆ. ಅವರಿಗೆ ನೀರು ಕಾಣಬೇಕು, ಕಾಂಪೌಂಡಿಗೆ ಬರಬಾರದು. ಆಗ ಕೋಡಿ ತಗ್ಗಿಸಿ, ಕಾಲುವೆ ತಿರುಗಿಸಿ ಅನ್ನೋ ಮಾತು ಶುರುವಾಗುತ್ತೆ. ಇತ್ತ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಚಾರದಲ್ಲಿ ಗುಬ್ಬಿಯವರೂ ಕುಣಿಗಲ್‌ನವರೂ ಹೇಮಾವತಿ ನೀರಿಗಾಗಿ ಎದುರುಬದುರು ನಿಂತಿದ್ದಾರೆ. ಬಾಲ್ಕನಿಯಿಂದ ಕಾಣುವ ನೀರು ಅಷ್ಟು ಸುಲಭಕ್ಕೆ ಬಂದಿದ್ದಲ್ಲ.

ಕೊನೆಗೆ ಬ್ರೋಕರನ್ನು ಕೇಳಿದೆ: “ಹಳೇ ದಾಖಲೆಯಲ್ಲಿ ಈ ಜಮೀನು ಏನಂತ ಇದೆ?”

“ಎಲ್ಲಾ ಕ್ಲಿಯರ್ ಸಾರ್, ಲೋನ್ ಕೂಡ ಸಿಗುತ್ತೆ.”

ಕೊಳ್ಳುವ ಮನಸ್ಸಿದ್ದರೆ ನೀವೂ ಅದನ್ನೇ ಕೇಳಿ. ಅಷ್ಟಕ್ಕೇ ಬಿಡಬೇಡಿ. ಗ್ರಾಮ ನಕ್ಷೆ ತೆಗೆಸಿ, ಕೆರೆ ಅಂಗಳ ಎಲ್ಲಿಗೆ ಮುಗಿಯುತ್ತೆ, ಕಾಲುವೆ ಎಲ್ಲಿ ಹಾದಿದೆ ನೋಡಿ. ಇನಾಂತಿ ಅಂತ ಬರೆದಿದೆಯಾ ನೋಡಿ. ಬರೆದಿದ್ದರೆ, ಒಂದು ಕಾಲದಲ್ಲಿ ಆ ನೆಲದ ಮೇಲೆ ಒಂದು ಕೆಲಸ ಇತ್ತು ಅಂತ ಅರ್ಥ. ಆ ಕೆಲಸ ಇನ್ನೂ ಹಾಗೇ ಬಾಕಿ ಬಿದ್ದಿದೆ.